ಮೂಳೆ ಕೂಡುವ ಹೊತ್ತು

ಹನುಮಂತನ ಹೆಸರಿನೊಳಗೆ ಒಂದು ಮುರಿದ ಮೂಳೆಯಿದೆ ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. 'ಹನು' ಎಂದರೆ ದವಡೆ. ಉದಯಸೂರ್ಯನನ್ನು ಹಣ್ಣೆಂದು ಬಗೆದು ಹಾರಿದ ಶಿಶುವಿನ ಮೇಲೆ ಇಂದ್ರ ವಜ್ರಾಯುಧವನ್ನು ಪ್ರಯೋಗಿಸಿದ. ಮಗು ಬೆಟ್ಟದ ಮೇಲೆ ಬಿದ್ದಿತು, ಎಡದವಡೆ ಮುರಿಯಿತು, ಅಂದಿನಿಂದ ಆ ಮಗುವಿಗೆ ಈ ಹೆಸರು ಬಂತು ಎಂದು ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಜಾಂಬವಂತನು ಹೇಳುತ್ತಾನೆ. ನಮ್ಮ ಕಂಪಲಾಪುರದ ಕಡೆ ಹನುಮಂತರಾಯನ ಗುಡಿಯಿಲ್ಲದ ಊರು ಅಪರೂಪ. ಸಿಂಧೂರ ಬಳಿದ ಆ ಉಬ್ಬಿದ ದವಡೆಯನ್ನು ನೋಡುತ್ತಲೇ ಬೆಳೆದ ನನಗೆ, ಆ ಮೂಳೆ ಕೂಡಲು ಎಷ್ಟು ದಿನ ಹಿಡಿದಿರಬಹುದು ಎಂಬ ಪ್ರಶ್ನೆ ಅರವತ್ತು ದಾಟುವವರೆಗೆ ಹೊಳೆದಿರಲಿಲ್ಲ. ನನ್ನದೇ ದವಡೆ ಮುರಿದ ಮೇಲೆ ಹೊಳೆಯಿತು.

ಮುರಿದದ್ದರಲ್ಲಿ ಪುರಾಣವೇನೂ ಇಲ್ಲ. ಆಷಾಢದ ಜಿಟಿಮಳೆಯ ಒಂದು ಬೆಳಗು ಮನೆಯ ಜಗಲಿಯ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿ ಗದ್ದ ಕೆಳಗಾಗಿ ಬಿದ್ದೆ. ಕೈ ಊರುವುದಕ್ಕೆ ಅವಕಾಶವಾಗಲಿಲ್ಲ, ಏಕೆಂದರೆ ಕೈಯಲ್ಲಿ ಪುಸ್ತಕಗಳಿದ್ದವು. ಪುಸ್ತಕಗಳಿಗೇನೂ ಆಗಲಿಲ್ಲ. ಮೈಸೂರಿಗೆ ಸುಮಾರು 60 ಕಿಲೋಮೀಟರಿನ ದಾರಿಯನ್ನು ಟವೆಲಿನಿಂದ ಗದ್ದ ಎತ್ತಿ ಕಟ್ಟಿಕೊಂಡು ಕ್ರಮಿಸಿದೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿದಾಗ ಬಿರುಕು ಒಂದಲ್ಲ, ಎರಡು. ಪೆಟ್ಟು ಬಿದ್ದ ಗದ್ದದ ಬಳಿ ಒಂದು. ಪೆಟ್ಟೇ ಬೀಳದ ಕಡೆ, ಕಿವಿಯ ಮುಂದೆ, ಕೀಲಿನ ಕೆಳಗಿನ ಸಣ್ಣ ಕತ್ತಿನಲ್ಲಿ ಇನ್ನೊಂದು. ಕೆಳದವಡೆ ಕುದುರೆಯ ಲಾಳದಂತೆ ಬಾಗಿದ ಮೂಳೆ. ಅದರ ನಡುವೆ ಹೊಡೆದರೆ ಏಟು ಎರಡೂ ತುದಿಗಳವರೆಗೆ ಓಡುತ್ತದೆ ಎಂದು ವೈದ್ಯರು ವಿವರಿಸಿದರು. ಈ ಮಾತನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಮುಂದೆ ಇದು ಒಬ್ಬ ಹುಡುಗನ ಕತೆಯಲ್ಲಿ ಮತ್ತೆ ಬರುತ್ತದೆ.

ಕೈಕಾಲು ಮುರಿದರೆ ನಮ್ಮ ಜನ ಏನು ಮಾಡುತ್ತಿದ್ದರೆಂಬುದು ಎಲ್ಲರಿಗೂ ತಿಳಿದದ್ದೇ. ಬಿದಿರಿನ ದಬ್ಬೆ, ಮೊಟ್ಟೆಯ ಬಿಳಿಯ ಲೇಪ, ಮಂಗರಬಳ್ಳಿಯ ರಸ, ಬಟ್ಟೆಯ ಕಟ್ಟು. ಪುತ್ತೂರು ಕಟ್ಟಿನ ಹೆಸರನ್ನು ಕೇಳದ ಹಳ್ಳಿಯಿಲ್ಲ. ಆದರೆ ದವಡೆಗೆ ದಬ್ಬೆ ಕಟ್ಟುವುದು ಹೇಗೆ? ಸುಶ್ರುತಸಂಹಿತೆಯಲ್ಲಿ ಇದಕ್ಕೆ ಉತ್ತರವಿದೆ. ಕೀಲು ತಪ್ಪಿದ ದವಡೆಗೆ ಶಾಖ ಕೊಟ್ಟು, ಸ್ವಸ್ಥಾನಕ್ಕೆ ತಂದು, ಐದು ಬಾಲಗಳುಳ್ಳ ಪಟ್ಟಿಯಿಂದ ಕಟ್ಟಬೇಕೆಂದು ಅಲ್ಲಿ ಹೇಳಿದೆ. ನಾನು ಟವೆಲಿನಿಂದ ಕಟ್ಟಿಕೊಂಡದ್ದು ಅದರ ದೂರದ ನೆಂಟನೇ ಇರಬೇಕು. ಅದೇ ಗ್ರಂಥ ಇನ್ನೊಂದು ಲೆಕ್ಕವನ್ನೂ ಕೊಡುತ್ತದೆ: ಎಳೆಯ ವಯಸ್ಸಿನಲ್ಲಿ ಮುರಿದ ಮೂಳೆ ಒಂದು ತಿಂಗಳಿಗೆ ಗಟ್ಟಿಯಾದರೆ, ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲ ಬೇಕು. ಇಂದಿನ ವೈದ್ಯರು ಈ ಲೆಕ್ಕವನ್ನು ಅಕ್ಷರಶಃ ಒಪ್ಪದಿರಬಹುದು, ಅದರ ದಿಕ್ಕನ್ನು ಅಲ್ಲಗಳೆಯುವುದಿಲ್ಲ. ನಾನು ಮೂರನೆಯ ಗುಂಪಿಗೆ ಸೇರಿದವನು.

ಗದ್ದದ ಬಿರುಕಿಗೆ ಟೈಟಾನಿಯಂ ಲೋಹದ ಸಣ್ಣ ಪಟ್ಟಿಯನ್ನು ತಿರುಪುಗಳಿಂದ ಕೂಡಿಸಿದರು. ಕೀಲಿನ ಬಳಿಯ ಬಿರುಕಿಗಾಗಿ ಮೇಲಿನ ಹಲ್ಲುಗಳನ್ನೂ ಕೆಳಗಿನ ಹಲ್ಲುಗಳನ್ನೂ ಸೇರಿಸಿ ತಂತಿ ಬಿಗಿದರು. ನಲವತ್ತು ವರ್ಷಕ್ಕೆ ಹತ್ತಿರ ಪಾಠ ಹೇಳಿದ ಬಾಯಿಗೆ ಮೂರು ವಾರ ಬೀಗ ಬಿತ್ತು. ಮುದ್ದೆಯನ್ನು ಅಗಿಯುವುದಲ್ಲ, ನುಂಗುವುದು, ಹಾಗಾಗಿ ನಮಗೆ ದವಡೆಯ ಚಿಂತೆಯಿಲ್ಲ ಎಂದು ನಾನು ಹಿಂದೆ ಹಳೆಯ ಮೈಸೂರಿನವರ ಪರವಾಗಿ ಹೆಮ್ಮೆ ಪಟ್ಟುಕೊಂಡದ್ದುಂಟು. ಆ ಮುದ್ದೆಯೂ ಬಾಯೊಳಗೆ ಹೋಗಲಿಲ್ಲ. ಕೆನ್ನೆಯ ಸಂದಿಯಿಂದ ಕೊಳವೆಯಲ್ಲಿ ರಾಗಿ ಅಂಬಲಿ ಹೀರಿಕೊಂಡು ಬದುಕಿದೆ. ಮಾತಿನ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ತುಟಿಗಳು ಸ್ವತಂತ್ರವಾಗಿದ್ದುದರಿಂದ ಓಷ್ಠ್ಯಗಳು ಉಳಿದಿದ್ದವು. ಬಾಯಿ ತೆರೆಯಬೇಕಾದ 'ಆ'ಕಾರ ಸತ್ತುಹೋಗಿತ್ತು. ವರ್ಣಗಳ ಉತ್ಪತ್ತಿಸ್ಥಾನವನ್ನು ಎಷ್ಟೋ ತಂಡದ ವಿದ್ಯಾರ್ಥಿಗಳಿಗೆ ಹಲಗೆಯ ಮೇಲೆ ಬರೆದು ತೋರಿಸಿದ್ದ ನಾನು ಅವನ್ನು ನಿಜವಾಗಿ ಕಲಿತದ್ದು ಆ ಮೂರು ವಾರಗಳಲ್ಲಿ.

ನನ್ನ ಪಕ್ಕದ ಹಾಸಿಗೆಯಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ. ಹೆಗ್ಗಡದೇವನಕೋಟೆಯ ಕಡೆಯವನು. ನಡೆಯಲು ಕಲಿಯುತ್ತಿದ್ದಾಗ ಹೊಸಿಲು ಎಡವಿ ಗದ್ದ ಊರಿ ಬಿದ್ದಿದ್ದನಂತೆ. ಗದ್ದದ ಗಾಯ ಮಾಯಿತು, ಎಲ್ಲರೂ ಮರೆತರು. ಆದರೆ ಏಟು ಓಡಿಹೋಗಿ ಕಿವಿಯ ಮುಂದಿನ ಕೀಲಿಗೆ ತಾಕಿತ್ತು. ಅಲ್ಲಿ ರಕ್ತ ಕಟ್ಟಿ, ಅದು ಮೂಳೆಯಾಗಿ ಬೆಸೆದು, ವರ್ಷಗಳು ಕಳೆದಂತೆ ಮಗುವಿನ ಬಾಯಿ ಮುಚ್ಚುತ್ತಾ ಬಂತು. ಐದು ವರ್ಷದ ಹೊತ್ತಿಗೆ ಹಲ್ಲುಗಳ ನಡುವೆ ಒಂದು ಬೆರಳೂ ತೂರುತ್ತಿರಲಿಲ್ಲ. ಕೀಲು ಆಡದಿದ್ದರೆ ದವಡೆ ಬೆಳೆಯುವುದಿಲ್ಲ. ದವಡೆ ಬೆಳೆಯದಿದ್ದರೆ ನಾಲಿಗೆಗೆ ಜಾಗವಿರುವುದಿಲ್ಲ. ಮಲಗಿದಾಗ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ. ಆ ತಾಯಿ ಆರು ವರ್ಷ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ರಾತ್ರಿಯೆಲ್ಲ ಮಗನ ಉಸಿರು ಕೇಳಿಸಿಕೊಳ್ಳುತ್ತಾ ಕುಳಿತಿರುತ್ತಿದ್ದಳು. ಮಗು ಗದ್ದ ಊರಿ ಬಿದ್ದಾಗ ಚರ್ಮದ ಗಾಯವನ್ನಷ್ಟೇ ನೋಡದೆ ಕೀಲನ್ನೂ ಪರೀಕ್ಷೆ ಮಾಡಿಸಬೇಕೆಂಬ ಸಣ್ಣ ತಿಳಿವಳಿಕೆ ನಮ್ಮಲ್ಲಿ ಇನ್ನೂ ಹರಡಿಲ್ಲ.

ಬೆಸೆದ ಕೀಲನ್ನು ವೈದ್ಯರು ಮೊದಲೇ ಬಿಡಿಸಿದ್ದರು. ಈಗ ನಡೆಯುತ್ತಿದ್ದುದು ದವಡೆಯನ್ನು ಉದ್ದಮಾಡುವ ಕೆಲಸ. ಈ ವಿದ್ಯೆಯ ಮೂಲಪುರುಷ ಸೈಬೀರಿಯದ ಕುರ್ಗಾನ್ ಎಂಬ ಪಟ್ಟಣದ ಗವ್ರೀಲ್ ಇಲಿಜಾರೋವ್. 1950ರ ದಶಕದಲ್ಲಿ, ಯುದ್ಧದಲ್ಲಿ ಮೂಳೆ ಮುರಿದುಕೊಂಡವರು ತುಂಬಿದ್ದ ನಾಡಿನಲ್ಲಿ, ಆತ ಬಳೆಗಳಂಥ ಚೌಕಟ್ಟುಗಳನ್ನೂ ಸೈಕಲ್ ಕಡ್ಡಿಗಳಂಥ ತಂತಿಗಳನ್ನೂ ಬಳಸಿ ಮೂಳೆಗಳನ್ನು ಒತ್ತಿ ಕೂಡಿಸುತ್ತಿದ್ದ. ಒಬ್ಬ ರೋಗಿ ತಿರುಪನ್ನು ತಪ್ಪು ದಿಕ್ಕಿಗೆ ತಿರುಗಿಸಿಕೊಂಡು ಮೂಳೆಯನ್ನು ಒತ್ತುವ ಬದಲು ಅಗಲಿಸಿದನಂತೆ. ಆ ಬಿಡುವಿನಲ್ಲಿ ಹೊಸಮೂಳೆ ಹುಟ್ಟುತ್ತಿರುವುದನ್ನು ಇಲಿಜಾರೋವ್ ಕಂಡ ಎಂದು ಕತೆಯಿದೆ. ಮೂಳೆಯನ್ನು ಕತ್ತರಿಸಿ, ಕೆಲವು ದಿನ ಸುಮ್ಮನೆ ಬಿಟ್ಟು, ಬಳಿಕ ದಿನಕ್ಕೆ ಒಂದು ಮಿಲಿಮೀಟರಿನಂತೆ ಅಗಲಿಸುತ್ತಾ ಹೋದರೆ ನಡುವೆ ಮೂಳೆ ಬೆಳೆಯುತ್ತದೆ. ಬೇಗ ಎಳೆದರೆ ಬರಿಯ ನಾರು ಕಟ್ಟುತ್ತದೆ; ತೀರ ನಿಧಾನವಾದರೆ ಹೊತ್ತಿಗೆ ಮುಂಚೆ ಕೂಡಿಬಿಡುತ್ತದೆ. 1973ರಲ್ಲಿ ಅಮೆರಿಕದಲ್ಲಿ ಒಂದು ನಾಯಿಯ ದವಡೆಯ ಮೇಲೆ ಇದನ್ನು ಮಾಡಿನೋಡಿದರು. 1992ರಲ್ಲಿ ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿ ಮತ್ತು ಸಂಗಡಿಗರು ಮಕ್ಕಳ ದವಡೆಯನ್ನು ಹೀಗೆ ಉದ್ದಮಾಡಿದ ವರದಿ ಪ್ರಕಟಿಸಿದರು. ಅಲ್ಲಿಂದ ಹೊರಟ ಆ ತಿರುಪು ನನ್ನ ಪಕ್ಕದ ಹಾಸಿಗೆಗೆ ಬಂದಿತ್ತು. ಆ ತಾಯಿ ದಿನವೂ ಬೆಳಿಗ್ಗೆ ಅರ್ಧ ಮಿಲಿಮೀಟರ್, ಸಂಜೆ ಅರ್ಧ ಮಿಲಿಮೀಟರ್ ಎಂದು ಮಗನ ಕೆನ್ನೆಯ ಬಳಿಯ ತಿರುಪನ್ನು ತಿರುಗಿಸುತ್ತಿದ್ದಳು. ಬೆರಳು ನಡುಗುತ್ತಿರಲಿಲ್ಲ. ಹುಡುಗನೂ ಅಳುತ್ತಿರಲಿಲ್ಲ.

ಎಳೆಯುವ ಕೆಲಸ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಅನಂತರ ಇರುವುದೇ ಕಾಯುವ ಕೆಲಸ. ನಡುವೆ ಹುಟ್ಟಿದ ಮೂಳೆ ಮೊದಲು ಮೆತ್ತಗಿರುತ್ತದೆ. ಅದು ಗಟ್ಟಿಯಾಗುವವರೆಗೆ ಯಂತ್ರವನ್ನು ತೆಗೆಯುವಂತಿಲ್ಲ. ಎರಡು ತಿಂಗಳು, ಮೂರು ತಿಂಗಳು. ಮುಖದಲ್ಲಿ ಲೋಹ ಹೊತ್ತ ಹುಡುಗ ಶಾಲೆಗೆ ಹೋಗಲು ನಾಚುತ್ತಾನೆ; ಲೋಹ ಚರ್ಮ ದಾಟುವಲ್ಲಿ ಕೀವಾಗದಂತೆ ನೋಡಿಕೊಳ್ಳಬೇಕು; ತಾಯಿಗೆ ಕೂಲಿ ತಪ್ಪುತ್ತದೆ. ಈ ಕಾಯುವ ಕಾಲವನ್ನು ಕಡಿಮೆ ಮಾಡಲು ಸಾಧ್ಯವೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ. ಅದನ್ನು ಎತ್ತಿದವಳೂ ಆ ತಾಯಿಯೇ.

ಒಂದು ಸಂಜೆ ಅವಳು ನನ್ನ ಹಾಸಿಗೆಯ ಬಳಿ ಬಂದು ಕೇಳಿದಳು: "ಮೇಷ್ಟ್ರೇ, ಅದೇನೋ ಸದ್ದು ಬುಟ್ಟು ಮೂಳೆ ಬ್ಯಾಗ ಕೂಡಂಗೆ ಮಾಡ್ತಾರಂತಲ್ಲ, ದಿಟವಾ? ಕರೆಂಟ್ ಶಾಕ್ ಕೊಡ್ತಾರೆ ಅಂತಲೂ ಅಂತಾರೆ. ಮಗೀಗೆ ಕೊಡಿಸ್ಬೋದಾ?"

ನನ್ನ ಬಾಯಲ್ಲಿ ತಂತಿ. ಕೈಯಲ್ಲಿದ್ದ ಪುಸ್ತಕದಲ್ಲಿ, ಇದು ಕರೆಂಟಲ್ಲ, ಉಳಿದದ್ದನ್ನು ತಿಳಿದು ಹೇಳುತ್ತೇನೆ ಎಂದು ಬರೆದು ಹಿಡಿದೆ. ಅವಳು ಆ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಮರ್ಯಾದೆಯಿಂದ ಹಿಂದಿರುಗಿಸಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಹುಡುಗ ಕೈಚಾಚಿ ಪುಸ್ತಕ ತೆಗೆದುಕೊಂಡು, ತೆರೆಯದ ಬಾಯಿಂದಲೇ ತೊದಲುತ್ತಾ ಓದಿ ಹೇಳಿದ. ಕನ್ನಡ ಎಂ.ಎ. ಮಾಡಿದವನ ಸಾಕ್ಷರತೆ ಅಂದು ಎಷ್ಟು ಪ್ರಯೋಜನಕ್ಕೆ ಬಂತೆಂಬುದನ್ನು ಹೆಚ್ಚು ವಿವರಿಸುವುದಿಲ್ಲ. ಮನೆಗೆ ಬಂದ ಮೇಲೆ, ಮಾತಾಡುವಂತಿಲ್ಲವಾದ್ದರಿಂದ, ಓದಿದೆ. ತಂತಿ ಬಿಚ್ಚಿದ ಮೇಲೆ ವೈದ್ಯರನ್ನು ಕೇಳಿದೆ. ಹಾಗೆ ತಿಳಿದುಕೊಂಡದ್ದನ್ನೇ ಈಗ ತಮ್ಮ ಮುಂದಿಡುತ್ತಿದ್ದೇನೆ.

ಇದರ ಹೆಸರು ಆಘಾತ ತರಂಗ. ಇಂಗ್ಲಿಷಿನ ಹೆಸರಿನಲ್ಲಿಯೂ 'ಶಾಕ್' ಎಂಬ ಮಾತಿರುವುದರಿಂದ ಕರೆಂಟಿನ ಗೊಂದಲ ಬಂದಿದೆ. ಸ್ವಾರಸ್ಯದ ಸಂಗತಿಯೆಂದರೆ ಈ ಚಿಕಿತ್ಸೆಯ ಹುಟ್ಟಿನಲ್ಲೇ ಅದೇ ಗೊಂದಲವಿದೆ. ಜರ್ಮನಿಯ ಡಾರ್ನಿಯರ್ ಎಂಬ ವಿಮಾನ ಕಂಪನಿಯಲ್ಲಿ, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹಕ್ಕೆ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದರು. 1966ರಲ್ಲಿ ಅತಿವೇಗದ ಒಂದು ಗುಂಡು ಗುರಿಗೆ ಬಡಿದ ಕ್ಷಣದಲ್ಲೇ ಕೆಲಸಗಾರನೊಬ್ಬ ಆ ಗುರಿಯನ್ನು ಮುಟ್ಟಿದ್ದನಂತೆ. ಮೈಯಲ್ಲಿ ಕರೆಂಟ್ ಹೊಡೆದ ಹಾಗಾಯಿತು. ಅಳೆದು ನೋಡಿದರೆ ವಿದ್ಯುತ್ತಿನ ಸುಳಿವೇ ಇಲ್ಲ. ಹರಿದುಹೋದದ್ದು ಒತ್ತಡದ ಒಂದು ಅಲೆ. ಚರ್ಮವನ್ನು ಹರಿಯದೆ ದೇಹದೊಳಗೆ ಹೋಗಬಲ್ಲ ಅಲೆಯಿದೆ ಎಂದಾದ ಮೇಲೆ ಅದನ್ನು ಮೂತ್ರಪಿಂಡದ ಕಲ್ಲಿನ ಮೇಲೆ ಬಿಟ್ಟರೆ ಹೇಗೆ ಎಂಬ ಆಲೋಚನೆ ಬಂತು. 1980ರ ಫೆಬ್ರವರಿ 7ರಂದು ಮ್ಯೂನಿಕ್ ನಗರದಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನಡೆಯಿತು. ಇಂದು ನಮ್ಮ ಜಿಲ್ಲೆಗಳಲ್ಲೂ ಕತ್ತಿ ಹಾಕದೆ ಕಲ್ಲು ಒಡೆಸಿಕೊಂಡು ಬಂದವರು ಸಿಗುತ್ತಾರೆ.

ಮಾಮೂಲಿ ಶಬ್ದಕ್ಕೂ ಇದಕ್ಕೂ ಇರುವ ಅಂತರವನ್ನು ಹೀಗೆ ತಿಳಿಯಬಹುದು. ನನ್ನ ದನಿ ಗಾಳಿಯಲ್ಲಿ ಏರುತ್ತಾ ಇಳಿಯುತ್ತಾ ಸಾಗುವ ನವುರಾದ ಅಲೆ. ಆಘಾತ ತರಂಗ ಹಾಗಲ್ಲ, ಗೋಡೆಯಂತೆ ಒಮ್ಮೆಲೇ ಎದ್ದು ನಿಲ್ಲುತ್ತದೆ. ಒಂದು ಸೆಕೆಂಡನ್ನು 100 ಕೋಟಿ ಭಾಗ ಮಾಡಿದರೆ ಅಂಥ ಕೆಲವೇ ಭಾಗಗಳಲ್ಲಿ ಒತ್ತಡ ತುತ್ತತುದಿಗೆ ಏರಿ, ಕಲ್ಲು ಒಡೆಯುವ ಯಂತ್ರಗಳಲ್ಲಿ ವಾತಾವರಣದ ಒತ್ತಡದ ನೂರಾರು ಪಟ್ಟಾಗಿ, ಬಳಿಕ ಕುಸಿಯುತ್ತದೆ. ಇದನ್ನು ಹುಟ್ಟಿಸುವ ಹಳೆಯ ವಿಧಾನವೆಂದರೆ ನೀರಿನೊಳಗೆ ಒಂದು ಕಿಡಿ ಹಾರಿಸುವುದು. ಕರೆಂಟಿನ ಪಾತ್ರ ಅಷ್ಟಕ್ಕೇ ಮುಗಿಯಿತು, ಅದು ರೋಗಿಯ ಮೈಗೆ ಬರುವುದಿಲ್ಲ. ಕಿಡಿಯ ಸುತ್ತ ಅರ್ಧ ಮೊಟ್ಟೆಯಂಥ ಒಂದು ಬಟ್ಟಲಿರುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಬದಿಯ ಪಿಸುಮಾತು ಗೋಡೆಯ ಬಾಗಿನ ಗುಂಟ ಹೋಗಿ, ಸುಮಾರು 38 ಮೀಟರ್ ಆಚೆ ನಿಂತವನಿಗೆ ಕೇಳುವುದನ್ನು ತಾವು ಅನುಭವಿಸಿರಬಹುದು. ಬಟ್ಟಲಿನ ಲೆಕ್ಕಾಚಾರ ಬೇರೆ. ಆದರೆ ಬಾಗಿದ ಗೋಡೆ ಶಬ್ದವನ್ನು ಒಯ್ದು ಬೇಕಾದೆಡೆ ಮುಟ್ಟಿಸುತ್ತದೆ ಎಂಬ ಮಾತು ಎರಡಕ್ಕೂ ಒಂದೇ. ಬಟ್ಟಲಿನ ಒಂದು ಬಿಂದುವಿನಲ್ಲಿ ಹುಟ್ಟಿದ ಅಲೆ ಗೋಡೆಗೆ ತಾಗಿ ಎದುರಿನ ಇನ್ನೊಂದು ಬಿಂದುವಿನಲ್ಲಿ ಒಟ್ಟುಗೂಡುತ್ತದೆ. ಆ ಬಿಂದುವಿನಲ್ಲಿ ಮುರಿದ ಮೂಳೆ ಇರುವಂತೆ ಯಂತ್ರವನ್ನು ಹಿಡಿಯುತ್ತಾರೆ. ನಡುವೆ ಗಾಳಿಯ ಪದರವಿದ್ದರೆ ಅಲೆ ಹಿಂದಕ್ಕೆ ಪುಟಿಯುವುದರಿಂದ ಚರ್ಮಕ್ಕೆ, ಸ್ಕ್ಯಾನಿಂಗ್ ಮಾಡುವಾಗ ಸವರುವಂಥ ಲೋಳೆಯನ್ನು ಸವರುತ್ತಾರೆ.

ಇಲ್ಲಿ ನನಗೆ ಕೇಶಿರಾಜ ನೆನಪಾದ. ಹದಿಮೂರನೆಯ ಶತಮಾನದ 'ಶಬ್ದಮಣಿದರ್ಪಣ'ದಲ್ಲಿ ಆತ ಶಬ್ದವನ್ನು ದ್ರವ್ಯವೆಂದು ಕರೆಯುತ್ತಾನೆ. ಜೀವದ ಇಚ್ಛೆಯಿಂದ, ಗಾಳಿಯ ನೆರವಿನಿಂದ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಅದು ಹುಟ್ಟುತ್ತದೆ, ಅದರ ಬಣ್ಣ ಬಿಳುಪು ಎನ್ನುತ್ತಾನೆ. ತರಗತಿಯಲ್ಲಿ ಈ ಬಿಳಿಯ ಬಣ್ಣದ ವಿಷಯ ಬಂದಾಗಲೆಲ್ಲ ಹುಡುಗರು ನಗುತ್ತಿದ್ದರು, ನಾನೂ ಅದು ಜೈನ ದರ್ಶನದ ಪರಿಭಾಷೆ ಎಂದು ಹೇಳಿ ಮುಂದೆ ಸಾಗುತ್ತಿದ್ದೆ. ಕೇಶಿರಾಜನಿಗೆ ಈ ಯಂತ್ರ ಗೊತ್ತಿತ್ತೆಂದು ಸಾಧಿಸುವ ಉದ್ದೇಶ ನನಗಿಲ್ಲ. ಅಂಥ ಸಾಧನೆಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ. ಆದರೆ ಶಬ್ದವು ವಸ್ತುವಿನಂತೆ ಬಂದು ವಸ್ತುವನ್ನು ತಾಕುತ್ತದೆ ಎಂಬ ಕಲ್ಪನೆಯನ್ನು ಮತ್ತೆ ನಗೆಯಾಡಲು ನನಗೆ ಮನಸ್ಸು ಬಾರದು.

ಕಲ್ಲು ಒಡೆಯುವ ಅಲೆ ಮೂಳೆಯನ್ನು ಕೂಡಿಸುವುದೆಂತು? ಈ ಪ್ರಶ್ನೆ ವೈದ್ಯರಿಗೂ ಬಂತು. ಮೂತ್ರನಾಳದ ಕೆಳಭಾಗದ ಕಲ್ಲಿಗೆ ಗುರಿಯಿಡುವಾಗ ಸೊಂಟದ ಮೂಳೆ ಅಲೆಯ ದಾರಿಗೆ ಅಡ್ಡ ಬರುತ್ತಿತ್ತು. ಅದಕ್ಕೆ ಕೇಡಾಗುತ್ತದೆಯೇ ಎಂದು ನೋಡಹೊರಟವರಿಗೆ ಅಲ್ಲಿ ಮೂಳೆ ದಪ್ಪವಾಗುತ್ತಿರುವುದು ಕಾಣಿಸಿತು. 1991ರಲ್ಲಿ ಬಲ್ಗೇರಿಯದ ಇಬ್ಬರು ವೈದ್ಯರು, ತಿಂಗಳುಗಟ್ಟಲೆ ಕೂಡದೆ ಉಳಿದಿದ್ದ ಮುರಿತಗಳಿಗೆ ಈ ಅಲೆಯನ್ನು ಬಳಸಿದ ವರದಿ ಪ್ರಕಟಿಸಿದರು. ಸಣ್ಣ ಸಣ್ಣ ಬಿರುಕುಗಳನ್ನು ಹೊಸದಾಗಿ ಮಾಡಿ, ಮರೆತು ಮಲಗಿದ ಮುರಿತವನ್ನು ಮತ್ತೆ ಹಸಿ ಮುರಿತವಾಗಿಸುತ್ತದೆ ಎಂದು ಮೊದಲು ತಿಳಿದಿದ್ದರು. ಇಂದಿನ ತಿಳಿವಳಿಕೆ ಅದಕ್ಕಿಂತ ಸೂಕ್ಷ್ಮವಾದದ್ದು. ಮೂಳೆ ಎಂದರೆ ನಾವು ಭಾವಿಸುವಂತೆ ಒಣಕಟ್ಟಿಗೆಯಲ್ಲ, ತನ್ನ ಮೇಲೆ ಬೀಳುವ ಒತ್ತಡವನ್ನು ಅರಿಯಬಲ್ಲ ಜೀವಕೋಶಗಳು ಅದರ ತುಂಬ ಇವೆ. ನಡೆಯುವವನ ಕಾಲಿನ ಮೂಳೆ ಗಟ್ಟಿಯಾಗುವುದೂ, ವರ್ಷಗಟ್ಟಲೆ ಹಾಸಿಗೆ ಹಿಡಿದವನ ಮೂಳೆ ಸವೆಯುವುದೂ ಈ ಅರಿವಿನಿಂದಲೇ. ಅಲೆಯ ಪೆಟ್ಟು ಆ ಕೋಶಗಳನ್ನು ತಟ್ಟುತ್ತದೆ; ಅವು ರಾಸಾಯನಿಕ ಕರೆಗಳನ್ನು ಹೊರಡಿಸುತ್ತವೆ; ಆ ಕರೆಗೆ ಓಗೊಟ್ಟು ಹೊಸ ಸಣ್ಣ ರಕ್ತನಾಳಗಳು ಮೊಳೆಯುತ್ತವೆ, ಮೂಳೆ ಕಟ್ಟುವ ಕೋಶಗಳು ಚುರುಕಾಗುತ್ತವೆ. ಅಂದರೆ ಅಲೆ ಬೆಸುಗೆ ಹಾಕುವುದಿಲ್ಲ. ಕಟ್ಟುವ ಕೆಲಸ ಮೂಳೆಯದೇ. ಅಲೆ ಮಾಡುವುದು ಬಾಗಿಲು ಬಡಿಯುವ ಕೆಲಸ.

ಕಾಲಿನ ಮೂಳೆಗಳ ಮಟ್ಟಿಗೆ ಇದಕ್ಕೆ ಸಾಕಷ್ಟು ಆಧಾರವಿದೆ. 2009ರಲ್ಲಿ ಇಟಲಿಯ ವೈದ್ಯರು, ಕೂಡದೆ ಉಳಿದ ಉದ್ದಮೂಳೆಗಳಿದ್ದ 126 ಮಂದಿಯನ್ನು ಮೂರು ಗುಂಪು ಮಾಡಿ, ಎರಡು ಗುಂಪುಗಳಿಗೆ ಬೇರೆ ಬೇರೆ ಶಕ್ತಿಯ ಆಘಾತ ತರಂಗವನ್ನೂ ಮೂರನೆಯದಕ್ಕೆ ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಆರು ತಿಂಗಳಾದಾಗ ಮೂರು ಗುಂಪುಗಳಲ್ಲೂ ನೂರಕ್ಕೆ ಎಪ್ಪತ್ತರ ಆಸುಪಾಸಿನಲ್ಲಿ ಮೂಳೆ ಕೂಡಿತ್ತು. ಕತ್ತಿಯಿಲ್ಲದೆ ಕತ್ತಿಯಷ್ಟೇ ಫಲ ಎಂಬುದು ಸಣ್ಣ ಮಾತಲ್ಲ. ಹಾಗೆಯೇ, ಮೂರೂ ಗುಂಪುಗಳಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿಗೆ ಇನ್ನೂ ಕೂಡಿರಲಿಲ್ಲ ಎಂಬುದನ್ನೂ ಓದಿಕೊಳ್ಳಬೇಕು.

ದವಡೆಯ ಮಾತು ಬೇರೆ. 2010ರಲ್ಲಿ ತೈವಾನಿನ ಸಂಶೋಧಕರು, ಆ ಹುಡುಗನಿಗೆ ಮಾಡಿದಂತೆಯೇ ದವಡೆಯನ್ನು ಕತ್ತರಿಸಿ ಅಗಲಿಸಿದ ಇಲಿಗಳಿಗೆ ಈ ಅಲೆ ಕೊಟ್ಟು ನೋಡಿದರು. ನಡುವಿನ ಹೊಸಮೂಳೆ ಬೇಗ ಗಟ್ಟಿಯಾಯಿತು. ಮೊಲಗಳ ಮೇಲೂ ಇಂಥ ಪರೀಕ್ಷೆಗಳು ನಡೆದಿವೆ. ಎಷ್ಟು ಪೆಟ್ಟು, ಯಾವ ಹಂತದಲ್ಲಿ ಕೊಡಬೇಕೆಂಬುದು ಅಲ್ಲಿ ಮುಖ್ಯ ಪ್ರಶ್ನೆಯಾಗಿದೆ. ಹೆಚ್ಚು ಕೊಟ್ಟಷ್ಟೂ ಹೆಚ್ಚು ಫಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಮಿತಿ ಮೀರಿದ ಅಲೆ ಊತಕಕ್ಕೆ ಹಾನಿಯನ್ನೇ ಮಾಡುತ್ತದೆ. ಮನುಷ್ಯರ ದವಡೆಯ ಮೇಲಿನ ಪರೀಕ್ಷೆಗಳು ಇನ್ನೂ ಕೆಲವೇ ಕೆಲವು, ಅವೂ ಚಿಕ್ಕವು. ವಿಯೆನ್ನಾದಲ್ಲಿ, ವಯಸ್ಕರ ಹಲ್ಲುಗಳನ್ನು ತಂತಿಯಿಂದ ಸರಿಸುವಾಗ ಒಮ್ಮೆ ಈ ಅಲೆ ಕೊಟ್ಟು ಹೋಲಿಸಿ ನೋಡಿದರು. ಹಲ್ಲುಗಳು ಗಮನಾರ್ಹವಾಗಿ ಬೇಗ ಸರಿಯಲಿಲ್ಲ. ಇಲಿಯ ದವಡೆ ಮಾತಾಡಬೇಕಿಲ್ಲ. ನಮ್ಮದು ಅಗಿಯಬೇಕು, ನುಂಗಬೇಕು, ಮಾತಾಡಬೇಕು, ಆಕಳಿಸಬೇಕು. ಕಾಲು ಮುರಿದವನನ್ನು ಮಂಚದ ಮೇಲೆ ಮಲಗಿಸಬಹುದು, ದವಡೆಯನ್ನು ಮಲಗಿಸುವುದು ಹೇಗೆ? ಅದರ ಸುತ್ತ ಮುಖದ ನರ, ಜೊಲ್ಲುಗ್ರಂಥಿ, ಕಿವಿ, ಹಲ್ಲಿನ ಬೇರು ಎಲ್ಲವೂ ಒಂದಂಗುಲ ಎರಡಂಗುಲದೊಳಗೆ ಒತ್ತೊತ್ತಾಗಿವೆ. ತೊಡೆಯ ಮೂಳೆಗೆ ಗುರಿಯಿಟ್ಟಂತೆ ಇಲ್ಲಿ ಇಡುವಂತಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಬೆಳೆಯುವ ಮೂಳೆಯ ಬೆಳವಣಿಗೆಯ ಕೇಂದ್ರದ ಮೇಲೆ ಈ ಅಲೆ ಬೀಳದಂತೆ ಎಚ್ಚರ ವಹಿಸಬೇಕೆಂಬುದು ವೈದ್ಯರಲ್ಲಿ ನಡೆದುಬಂದ ನಿಯಮ. ಹನ್ನೊಂದು ವರ್ಷದ ದವಡೆಯೊಳಗೆ ಇನ್ನೂ ಹುಟ್ಟದ ಹಲ್ಲುಗಳ ಮೊಗ್ಗುಗಳಿರುತ್ತವೆ. ಬೆಳೆಯದ ದವಡೆಯನ್ನು ಬೆಳೆಸಹೊರಟು ಉಳಿದ ಬೆಳವಣಿಗೆಗೆ ಅಡ್ಡ ಬಂದರೆ ಫಲವೇನು? ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆಯಿರುವವರಿಗೆ, ಗುರಿಯಿಡುವ ಜಾಗದಲ್ಲಿ ಕ್ಯಾನ್ಸರ್ ಇರುವವರಿಗೆ ಇದು ಸಲ್ಲದು ಎಂಬುದನ್ನೂ ಸೇರಿಸಬೇಕು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋದರೆ ನಾನು ನಮ್ಮೂರಿನವನೇ ಅಲ್ಲ. ಆಸ್ಪತ್ರೆಯಲ್ಲಿ ವೈದ್ಯರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಎಲ್ಲಿ ಬಿದ್ದಿರಿ ಎಂದಲ್ಲ, ಬೀಡಿ ಸಿಗರೇಟು ಹೊಗೆಸೊಪ್ಪು ಉಂಟೆ ಎಂದು. ಊರು ಕಂಪಲಾಪುರ ಎಂದೆ. ಅವರು ನಕ್ಕರು. ಹುಣಸೂರು, ಪಿರಿಯಾಪಟ್ಟಣದ ಸೀಮೆಯ ವರ್ಜೀನಿಯಾ ಹೊಗೆಸೊಪ್ಪು ಹೋಗುವುದೇ ಸಿಗರೇಟಿಗೆ. ಕಂಪಲಾಪುರದಲ್ಲಿಯೇ ತಂಬಾಕು ಮಂಡಳಿಯ ಹರಾಜು ನಡೆಯುತ್ತದೆ. ಆ ದಿನಗಳಲ್ಲಿ ಬೇಲುಗಳನ್ನು ಹೇರಿಕೊಂಡ ಗಾಡಿಗಳು ಸಾಲುಗಟ್ಟುತ್ತವೆ. ನನ್ನ ತಂದೆಯೂ ಹೊಗೆಸೊಪ್ಪು ಬೆಳೆದರು, ಬ್ಯಾರನ್ನಿನ ಬೆಂಕಿಯ ಮುಂದೆ ರಾತ್ರಿ ಕಾದರು. ನನ್ನ ಕಾಲೇಜಿನ ಶುಲ್ಕ ಆ ಎಲೆಯಿಂದ ಬಂತು. ಹಳಗನ್ನಡವನ್ನು ನಾನು ಓದಿದ್ದು ಅದರ ಹಣದಲ್ಲಿ. ಹಾಗಿರುವಾಗ ಅದರ ಮೇಲೆ ಸುಲಭವಾಗಿ ಮಾತಾಡಲಾರೆ. ಆದರೂ ವೈದ್ಯರು ಹೇಳಿದ್ದನ್ನು ಮರೆಮಾಚಲಾರೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಹೊಗೆಯ ಇಂಗಾಲದ ಮಾನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ. ಸೇದುವವರ ಮೂಳೆ ತಡವಾಗಿ ಕೂಡುತ್ತದೆ, ದವಡೆಯ ಶಸ್ತ್ರಚಿಕಿತ್ಸೆಯ ಗಾಯ ಕೀವಾಗುವ ಸಂಭವ ಹೆಚ್ಚು. ಆಘಾತ ತರಂಗ ಮಾಡಹೊರಟಿರುವುದು ಹೊಸ ರಕ್ತನಾಳಗಳನ್ನು ಮೊಳೆಸುವ ಕೆಲಸವೆಂದು ಆಗಲೇ ಹೇಳಿದೆನಲ್ಲವೆ? ಒಂದು ಕಡೆ ಲಕ್ಷಗಟ್ಟಲೆ ಬೆಲೆಯ ಯಂತ್ರ ತೆರೆಯುವ ದಾರಿಯನ್ನು ಇನ್ನೊಂದು ಕಡೆ ಎರಡು ಬೆರಳಿನ ನಡುವಿನ ಕಡ್ಡಿ ಮುಚ್ಚುತ್ತಿರುತ್ತದೆ. ಮೂಳೆ ಬೇಗ ಕೂಡಲೆಂದು ಇಂದು ನಿಸ್ಸಂದೇಹವಾಗಿ ಮಾಡಬಹುದಾದ ಕೆಲಸಗಳಲ್ಲಿ ಒಂದಕ್ಕೆ ಯಂತ್ರವೇ ಬೇಕಿಲ್ಲ. ಇದನ್ನು ನಮ್ಮೂರ ಹರಾಜು ಕಟ್ಟೆಯ ಮುಂದೆ ನಿಂತು ಹೇಳುವ ಧೈರ್ಯ ನನಗೆ ಬಂದೀತೋ ಇಲ್ಲವೋ, ಇಲ್ಲಿ ಹೇಳಿದ್ದೇನೆ.

ನನ್ನ ತಂತಿಯನ್ನು ಮೂರು ವಾರಕ್ಕೆ ಬಿಚ್ಚಿದರು. ಮೂಳೆ ಕೂಡುವುದಕ್ಕೆ ಮತ್ತೂ ಕಾಲ ಹಿಡಿಯಿತು. ಮೊದಲು ಬೆರಳಗಲ, ಬಳಿಕ ಎರಡು ಬೆರಳಗಲ, ಹೀಗೆ ಬಾಯಿ ತೆರೆಯುವ ಅಭ್ಯಾಸವನ್ನು ಕನ್ನಡಿಯ ಮುಂದೆ ನಿತ್ಯ ಮಾಡಿದೆ. ಸತ್ತಿದ್ದ 'ಆ'ಕಾರ ಮರಳಿ ಬಂದ ಬೆಳಗು ಮನೆಯವರೆಲ್ಲ ನಕ್ಕರು.

ಆರು ತಿಂಗಳ ಮೇಲೆ, ಮೈಸೂರಿಗೆ ಪರೀಕ್ಷೆಗೆಂದು ಹೋಗಿ ಹಿಂತಿರುಗುವಾಗ, ಹುಣಸೂರಿನ ಬಸ್ ನಿಲ್ದಾಣದಲ್ಲಿ ಯಾರೋ "ಮೇಷ್ಟ್ರೇ" ಎಂದು ಕೂಗಿದರು. ಹುಡುಗ. ಮುಖದಲ್ಲಿ ಲೋಹವಿರಲಿಲ್ಲ, ಕೆನ್ನೆಯ ಮೇಲೆ ಸಣ್ಣ ಕಲೆಯಿತ್ತು. ಗದ್ದ ಮುಂದೆ ಬಂದು ಮುಖಕ್ಕೆ ಬೇರೆಯೇ ಕಳೆ ಬಂದಿತ್ತು. ಕೈಯಲ್ಲಿ ಸುಟ್ಟ ಮುಸುಕಿನ ಜೋಳದ ತೆನೆ ಹಿಡಿದು ಕಚ್ಚುತ್ತಿದ್ದ. ಹಿಂದೆಯೇ ತಾಯಿ ಬಂದಳು. ರಾತ್ರಿ ಉಸಿರು ಹೇಗಿದೆಯೆಂದು ಕೇಳಿದೆ. "ಗೊರಕೆ ಹೋಯ್ತು ಕಣ್ರಪ್ಪ, ಈಗ ಅದು ಇಲ್ದೆ ನಂಗೇ ನಿದ್ದೆ ಬರಾಕಿಲ್ಲ" ಎಂದಳು. ಬಳಿಕ, "ಅವತ್ತು ಕೇಳಿದ್ಕೆ ನೀವು ಉತ್ರನೇ ಹೇಳ್ನಿಲ್ಲ" ಎಂದು ನೆನಪಿಸಿದಳು.

ಹೇಳಿದೆ. ಅದು ಕರೆಂಟಲ್ಲ, ಒತ್ತಡದ ಅಲೆ. ಸುಳ್ಳಲ್ಲ, ಕಾಲಿನ ಮೂಳೆಗೆ ಕೆಲಸ ಮಾಡಿದ್ದಿದೆ. ದವಡೆಯಲ್ಲಿ ಇಲಿಗೆ, ಮೊಲಕ್ಕೆ ಆಗಿದೆ. ಮನುಷ್ಯರಿಗೆ ಹೀಗೇ ಆಗುತ್ತದೆಂದು ಗಟ್ಟಿಯಾಗಿ ಹೇಳುವಷ್ಟು ನೋಡಿಲ್ಲ. ಬೆಳೆಯುವ ಮಕ್ಕಳಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಅವಳು ಗಮನವಿಟ್ಟು ಕೇಳಿದಳು.

"ನಿಮ್ಮ ಗದ್ದಕ್ಕೆ ಕೊಡಿಸ್ಕಂಡ್ರಾ?"

"ಇಲ್ಲ ಕಣವ್ವ."

ಅವಳು ನನ್ನ ಗದ್ದವನ್ನು ಒಮ್ಮೆ, ಮಗನ ಗದ್ದವನ್ನು ಒಮ್ಮೆ ನೋಡಿದಳು. ಅಷ್ಟರಲ್ಲಿ ಕೋಟೆಯ ಬಸ್ಸು ಬಂತು. ಹುಡುಗ ಜೋಳದ ತೆನೆಯನ್ನು ಹಲ್ಲಿನಲ್ಲೇ ಕಚ್ಚಿಕೊಂಡು ಎರಡೂ ಕೈಯಿಂದ ಕಂಬಿ ಹಿಡಿದು ಹತ್ತಿದ.